ಗದ್ದೆಗಿಳಿದ ಕೋವಿ

ಮೊನ್ನೆ ಮಣಿಪಾಲದ ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಾ ಕೂತಿದ್ದೆ. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮಾವನವರು ಎದುರಿಗೆ ಬಂದು ಕೂತ ಹಾಗಾಯಿತು. ಬೇರೆ ಸೊಸೆಯಂದಿರಿಗೆ ಮಾವ ಯಾವ ವಾಸನೆಯಿಂದ ನೆನಪಾಗುತ್ತಾರೋ ನಾನರಿಯೆ. ನಶ್ಯದಿಂದಲೋ ಎಲೆಯಡಿಕೆಯಿಂದಲೋ ಇರಬಹುದು. ನನಗೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆಯೇ ಆಗಬೇಕು. ಬೆಳ್ಮಣ್ಣಿನ ನಮ್ಮ ಮನೆಯಲ್ಲಿ ಆ ಎಣ್ಣೆಯನ್ನು ಹೊಲಿಗೆ ಯಂತ್ರಕ್ಕೆ ಹಾಕುವ ಕ್ರಮವೇ ಇರಲಿಲ್ಲ. ಅದು ಕೋವಿಯ ಪಾಲು. ಯಂತ್ರಕ್ಕೆ ತೆಂಗಿನೆಣ್ಣೆ. ಚಳಿಗಾಲದ ಬೆಳಿಗ್ಗೆ ತೆಂಗಿನೆಣ್ಣೆ ಹೆಪ್ಪುಗಟ್ಟಿ ಯಂತ್ರ ಅಲ್ಲಾಡದೆ ಕೂತರೆ, ಅತ್ತೆ ಅದನ್ನು ಬಿಸಿಲಿಗೆ ಎಳೆದು ಇಟ್ಟು, ಕರಗಿದ ಮೇಲೆ ಹೊಲಿಯುತ್ತಿದ್ದರು. ಕೋವಿ ಮಾತ್ರ ಸದಾ ಮಿರಿಮಿರಿ.

ನನ್ನ ತವರು ಉಡುಪಿಯ ಕಡಿಯಾಳಿ. ಅಲ್ಲಿ ನಾನು ಕಂಡ ಅತಿ ದೊಡ್ಡ ಆಯುಧವೆಂದರೆ ಹಲಸು ಕೊಯ್ಯುವ ಮೆಟ್ಟುಕತ್ತಿ. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಬೆಳ್ಮಣ್ಣಿಗೆ ಬಂದ ದಿನ, ಅಡುಗೆಮನೆ ಯಾವ ಕಡೆ ಎಂದು ತಿಳಿಯುವ ಮೊದಲೇ ಮಾವನವರು ನನ್ನನ್ನು ಚಾವಡಿಗೆ ಕರೆದರು. ಗೋಡೆಯ ಎರಡು ಗೂಟಗಳ ಮೇಲೆ ಜೋಡುನಳಿಗೆಯ ಕೋವಿಯೊಂದು ಅಡ್ಡ ಮಲಗಿತ್ತು.

"ನೋಡು ಸುಮತಿ, ಇದು ಈ ಮನೆಯ ಹಿರಿಮಗ. ನಿನ್ನ ಗಂಡ ಎರಡನೆಯವ," ಎಂದರು.

ಎರಡನೆಯವರು ಪಕ್ಕದಲ್ಲೇ ನಿಂತಿದ್ದರು. ಅವರು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಹೋದರೆ ಕತ್ತಲೆಗೆ ಬರುವುದು. ಹಾಗಾಗಿ ಕೋವಿಯ ಜೊತೆ ಸಂಸಾರ ಮಾಡುವ ಭಾಗ್ಯ ಹೆಚ್ಚಾಗಿ ನನಗೂ ಅತ್ತೆಗೂ ಸೇರಿತು.

ಮಾವನವರ ಹೆಸರು ದೇಜಪ್ಪ. ಊರಿನಲ್ಲಿ ದೇಜಪ್ಪರು ಹಲವರಿದ್ದುದರಿಂದ ಇವರು ಬೆಡಿ ದೇಜಪ್ಪಣ್ಣ. ಬೆಡಿ ಎಂದರೆ ನಮ್ಮ ತುಳುವಿನಲ್ಲಿ ಕೋವಿ. ಎತ್ತರದ ಆಳು, ಗಿರಿಜಾ ಮೀಸೆ, ಎದುರಿನ ಒಂದು ಹಲ್ಲು ಚಿನ್ನದ್ದು. ಮಂಡಿಯವರೆಗೆ ಬರುವ ಖಾಕಿ ಕೋಟು ಒಂದಿತ್ತು. ಅದನ್ನು ಹಾಕಿ ಕೋವಿ ಹೆಗಲಿಗೇರಿಸಿ ನಿಂತರೆ ಹಂದಿ ಹಾಗಿರಲಿ, ನಮ್ಮ ಮನೆಯ ಹಸು ಕೂಡ ಹಾಲು ಕೊಡಲು ಹಿಂದೆಮುಂದೆ ನೋಡುತ್ತಿತ್ತು.

ಆದರೆ ಅವರ ಕೀರ್ತಿ ಇದ್ದದ್ದು ಕೋವಿಯಲ್ಲಲ್ಲ, ಕೋವಿಯ ಸವಕಲಿನಲ್ಲಿ. ಮನೆಗೆ ಯಾರೇ ಬರಲಿ, ಬೆಲ್ಲ ನೀರು ಕೊಟ್ಟಾದ ಕೂಡಲೇ ಕೋವಿ ಗೂಟದಿಂದ ಇಳಿಯುತ್ತಿತ್ತು. ಆಮೇಲೆ ಅದರ ಒಂದೊಂದೇ ಗಾಯದ ಮೇಲೆ ಬೆರಳಿಟ್ಟು ವಿವರಣೆ. ನಳಿಗೆಯ ನಡುವಿನ ಕಪ್ಪು ಹೋಗಿ ಬಿಳಿಚಿಕೊಂಡಿದೆಯಲ್ಲ, ಅದು ಗುಡ್ಡ ಗುಡ್ಡ ಸುತ್ತುವಾಗ ಕೈಯಲ್ಲಿ ಹಿಡಿದು ಹಿಡಿದು ಸವೆದದ್ದು. ಮರದ ಹಿಡಿಯಲ್ಲಿ ಬಿರುಕು ಬಿಟ್ಟು ತಾಮ್ರದ ತಂತಿ ಸುತ್ತಿದೆಯಲ್ಲ, ಅದು ತೋಟೆ ಮುಗಿದಾಗ ಮೈಮೇಲೆ ಬಿದ್ದ ಚಿರತೆಯ ತಲೆಗೆ ಬಾರಿಸಿದ್ದು. ಹಿಡಿಯ ಅಂಚಿನಲ್ಲಿ ಒಂದು ಕಚ್ಚು ಉಂಟಲ್ಲ, ಅದು ಹಂದಿಯ ಕೋರೆ ತಾಗಿದ್ದು. "ಕೂದಲೆಳೆಯಲ್ಲಿ ತಪ್ಪಿದೆ. ಇಲ್ಲದಿದ್ದರೆ ಇವತ್ತು ನಿಮಗೆ ನೀರು ಕೊಡಲು ನಾನಿಲ್ಲ," ಎನ್ನುತ್ತಿದ್ದರು. ನೀರು ಕೊಟ್ಟವಳು ನಾನು ಎಂದು ಹೇಳುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು?

ಮೊದಲ ವರ್ಷವಿಡೀ ನಾನು ಇದನ್ನೆಲ್ಲ ನಂಬಿದ್ದೆ. ಕಡಿಯಾಳಿಗೆ ಹೋದಾಗ ತಂಗಿಯರಿಗೆ ಇನ್ನಷ್ಟು ಬಣ್ಣ ಹಚ್ಚಿ ಹೇಳಿದ್ದೂ ಉಂಟು. ಅಷ್ಟು ಹೊತ್ತಿಗೆ ಅತ್ತೆಗೆ ನನ್ನ ಮೇಲೆ ವಿಶ್ವಾಸ ಹುಟ್ಟಿತು. ಒಂದು ಮಧ್ಯಾಹ್ನ ಬಸಳೆ ಸೋಸುತ್ತಾ ಅವರು ಕೋವಿಯ ಇನ್ನೊಂದು ಪುರಾಣ ತೆಗೆದರು. ಅತ್ತೆ ಕಮಲಕ್ಕ ಎಂದರೆ ಊರಿನಲ್ಲಿ ಕಡಿಮೆ ಮಾತಿನವರು ಎಂದೇ ಹೆಸರು. ಆ ದಿನ ಅವರ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ಚಿರತೆ ಅಲ್ಲ, ದೀಗುಜ್ಜೆ," ಎಂದರು.

"ಎಂತ ಅತ್ತೆ?"

"ಬಿರುಕು ಬಿಟ್ಟದ್ದು. ಕಾಯಿ ಕೊಯ್ಯುವ ದೋಟಿ ಸಿಗಲಿಲ್ಲ ಅಂತ ಕೋವಿಯಲ್ಲಿ ದೀಗುಜ್ಜೆ ಬೀಳಿಸಲು ಹೋದದ್ದು. ಕಾಯಿ ಮರದಲ್ಲೇ ಉಳಿಯಿತು, ಕೋವಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು."

ನಳಿಗೆ ಬಿಳಿಚಿದ್ದು ಗುಡ್ಡದಲ್ಲಲ್ಲವಂತೆ, ಬಸ್ಸಿನಲ್ಲಂತೆ. ಚುನಾವಣೆ ಬಂದಾಗಲೆಲ್ಲ ಊರಿನ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಿತ್ತು. ಮಾವನವರು ಅದನ್ನು ಬಸ್ಸಿನ ಕಂಬಿಗೆ ಆನಿಸಿಕೊಂಡು ನಿಲ್ಲುತ್ತಿದ್ದರು. ರಸ್ತೆಯ ಹೊಂಡಕ್ಕೊಮ್ಮೆ ಕೋವಿ ಕಂಬಿಗೆ ಉಜ್ಜುತ್ತಿತ್ತು. ಕಾಡಿಗೆ ಹೋದದ್ದಕ್ಕಿಂತ ಅದು ಠಾಣೆಗೆ ಹೋದದ್ದೇ ಹೆಚ್ಚು. ನಮ್ಮ ಪ್ರಜಾಪ್ರಭುತ್ವ ಎಷ್ಟು ಗಟ್ಟಿ ಎಂದು ಯಾರಿಗಾದರೂ ಸಂಶಯವಿದ್ದರೆ ಆ ನಳಿಗೆಯನ್ನು ನೋಡಿದರೆ ಸಾಕಾಗುತ್ತಿತ್ತು.

"ಹಾಗಾದರೆ ಹಂದಿಯ ಕೋರೆ?"

ಅತ್ತೆ ಬಸಳೆಯ ದಂಟು ಮುರಿಯುವುದನ್ನು ನಿಲ್ಲಿಸಿ ಚಾವಡಿಯ ಕಡೆ ಒಮ್ಮೆ ನೋಡಿದರು. ಮಾವನವರು ಗೊರಕೆ ಹೊಡೆಯುತ್ತಿದ್ದರು.

"ಅದು ಇವರದ್ದೇ ಹಲ್ಲು. ಕೋವಿ ಮನೆಗೆ ಬಂದ ವರ್ಷ ಗುಡ್ಡೆಗೆ ಹೋಗಿ ಒಂದು ಈಡು ಬಿಟ್ಟರು. ಹಿಡಿಯನ್ನು ಹೆಗಲಿಗೆ ಒತ್ತಿ ಹಿಡಿಯಬೇಕು ಅಂತ ಗೊತ್ತಿರಲಿಲ್ಲ. ಅದು ಹಿಂದೆ ಒದೆದು ಬಾಯಿಗೆ ಬಡಿಯಿತು. ಹಲ್ಲು ಹೋಯಿತು. ಹಂದಿಯೂ ಹೋಯಿತು."

ಆ ಮೇಲೆ ಅವರು ಈಡು ಬಿಟ್ಟದ್ದನ್ನು ಯಾರೂ ಕೇಳಿಲ್ಲವಂತೆ.

ಅತ್ತೆಯ ಮಾತು ಕೇಳಿದ ಮೇಲೂ ನನಗೆ ಮಾವನವರ ಮೇಲಿನ ಗೌರವ ಕಡಿಮೆಯಾಗಲಿಲ್ಲ, ನಿಜ ಹೇಳುತ್ತೇನೆ. ಒಂದೇ ಒಂದು ಈಡಿನಿಂದ ಇಷ್ಟೊಂದು ಬೇಟೆ ಮಾಡಿದವರು ನಮ್ಮ ಜಿಲ್ಲೆಯಲ್ಲಿ ಇನ್ನಾರಿದ್ದಾರೆ? ಕಾಡುಪ್ರಾಣಿಗಳನ್ನು ಕೊಲ್ಲಬಾರದೆಂಬ ಕಾನೂನಿನ ಸುದ್ದಿ ಬೆಳ್ಮಣ್ಣಿಗೆ ತಲುಪಿದಾಗ ಊರಿನ ಉಳಿದ ಕೋವಿಯವರೆಲ್ಲ ಗೊಣಗಿದರು. ಮಾವನವರೊಬ್ಬರೇ ಅದನ್ನು ಮನಸಾರೆ ಸ್ವಾಗತಿಸಿದರು. "ಕಾನೂನು ಅಡ್ಡ ಬಂತು ನೋಡಿ. ಇಲ್ಲದಿದ್ದರೆ ಈ ವರ್ಷ ತೋರಿಸುತ್ತಿದ್ದೆ," ಎಂದು ಹೇಳುವ ಅನುಕೂಲ ಅವರಿಗೆ ಸಿಕ್ಕಿತು.

ಅವರ ಖಾಯಂ ಕೇಳುಗರೆಂದರೆ ಕಾಪುವಿನ ಇದ್ದಿನಬ್ಬ ಬ್ಯಾರಿ. ಕಾಪು ಪೇಟೆಯಲ್ಲಿ ಅವರದ್ದು ತರಕಾರಿ ಅಂಗಡಿ. ಅತ್ತೆ ಬೆಳೆಸುತ್ತಿದ್ದ ಗೆಣಸನ್ನು ಪ್ರತಿ ವರ್ಷ ಕೊಳ್ಳುತ್ತಿದ್ದರು. ಅವರ ಮಗ ಗಲ್ಫಿನಲ್ಲಿದ್ದ. ಒಮ್ಮೆ ಬ್ಯಾರಿಗಳು, "ದೇಜಪ್ಪಣ್ಣ, ಇದು ಮಗ ಕಳಿಸಿದ್ದು. ಕಬ್ಬಿಣದ ಸಾಮಾನಿಗೆ ಹೊಡೆದರೆ ತುಕ್ಕು ಹಿಡಿಯುವುದಿಲ್ಲವಂತೆ," ಎಂದು ಒಂದು ಡಬ್ಬಿ ಕೊಟ್ಟರು. ಮಾವನವರು ಗುಂಡಿ ಒತ್ತಿ ಕೋವಿಯ ಮೈತುಂಬ ಹೊಡೆದರು. ಡಬ್ಬಿಯ ಮೇಲಿನ ಇಂಗ್ಲಿಷನ್ನು ಶಾಲೆಯಲ್ಲಿ ಪಾಠ ಹೇಳುವ ಸೊಸೆಯ ಹತ್ತಿರ ಓದಿಸಬಹುದಿತ್ತು, ಅದು ಅವರ ಘನತೆಗೆ ಒಗ್ಗಲಿಲ್ಲ. ಮಗ ಕಳಿಸಿದ ಎರಡು ಡಬ್ಬಿಗಳಲ್ಲಿ ಇನ್ನೊಂದು ಕೋಣೆಗೆ ಹೊಡೆಯುವ ಸೆಂಟು. ಬ್ಯಾರಿಗಳಿಗೆ ಅದಲುಬದಲಾಗಿತ್ತು. ಎಷ್ಟೋ ದಿನ ನಮ್ಮ ಚಾವಡಿ ಮದುವೆ ಮನೆಯ ಹಾಗೆ ಘಮಘಮಿಸಿತು. ಅತ್ತ ಬ್ಯಾರಿಗಳ ಮನೆಯ ಕೋಣೆ ತುಕ್ಕು ಹಿಡಿಯಲಿಲ್ಲ.

ಇಷ್ಟರವರೆಗೆ ನಗುವ ಮಾತಾಯಿತು. ಅತ್ತೆಗೆ ಮಾತ್ರ ನಗುವ ಹಾಗಿರಲಿಲ್ಲ. ಮಳೆಗಾಲದ ಏಣಿಲು ಭತ್ತದ ಕೊಯ್ಲಾದ ಮೇಲೆ ಮನೆಯ ಕೆಳಗಿನ ಗದ್ದೆಯಲ್ಲಿ ಗೆಣಸು ಹಾಕುವುದು ಅವರೊಬ್ಬರದೇ ಸಾಹಸ. ಏರಿ ಎಬ್ಬಿಸುವುದು, ಬಳ್ಳಿ ನಡುವುದು, ಕೆರೆಯಿಂದ ನೀರು ಹೊತ್ತು ಹಾಕುವುದು ಎಲ್ಲವೂ ಅವರೇ. ಗೆಡ್ಡೆ ಕಟ್ಟುವ ಹೊತ್ತಿಗೆ ಗುಡ್ಡೆಯಿಂದ ಹಂದಿಗಳು ಇಳಿಯುತ್ತಿದ್ದವು. ಪ್ರತಿ ವರ್ಷ ಅರ್ಧ ಗದ್ದೆ ಅವುಗಳದ್ದು. ಕೋವಿಗೆ ಸರಕಾರ ಪರವಾನಗಿ ಕೊಟ್ಟದ್ದು ಬೆಳೆ ರಕ್ಷಣೆಗೆ. ಆ ಗೆಣಸನ್ನು ಬೇಯಿಸಿ ತಿಂದು, ಮಾವನವರು ಚಾವಡಿಯಲ್ಲಿ ಹಂದಿ ಬೇಟೆಯ ಕತೆ ಹೇಳುವುದನ್ನು ಅತ್ತೆ ಒಳಗೆ ಕೂತು ಕೇಳುತ್ತಾ ಬಂದಿದ್ದರು.

ಎಂಬತ್ತರ ದಶಕದ ಆರಂಭದ ಒಂದು ಚಳಿಗಾಲ. ಬೆಳಿಗ್ಗೆ ಗದ್ದೆಗೆ ಹೋದ ಅತ್ತೆ ಬರಿಗೈಯಲ್ಲಿ ತಿರುಗಿ ಬಂದರು. ಅಂಚಿನ ಏರಿಗಳನ್ನೆಲ್ಲ ಹಂದಿ ಉತ್ತು ಹಾಕಿತ್ತು.

"ನೀವೊಂದು ದಿನ ಹೋಗಿ ಗದ್ದೆ ಬದಿಯಲ್ಲಿ ಕೂತುಕೊಳ್ಳಿ. ಕೊಲ್ಲುವುದು ಬೇಡ. ಒಂದು ಈಡು ಆಕಾಶಕ್ಕೆ ಬಿಟ್ಟರೆ ಸಾಕು," ಎಂದರು ಮಾವನವರಿಗೆ.

ಮಾವನವರು ಕೋವಿಯನ್ನು ಇಳಿಸಿ, ಕಣ್ಣು ಕಿರಿದು ಮಾಡಿ ಪರೀಕ್ಷಿಸಿದರು. "ಕುದುರೆ ಸಡಿಲವಾಗಿದೆ. ಮಡಚುವಲ್ಲಿಯೂ ಆಟ ಬಂದಿದೆ. ತುಂಬಾ ಬಳಕೆಯಾದ ಕೋವಿ ಅಲ್ವಾ? ರಿಪೇರಿ ಆಗದೆ ಮುಟ್ಟುವ ಹಾಗಿಲ್ಲ," ಎಂದರು. ಮರುದಿನ ಉಡುಪಿಯಲ್ಲಿ ನೆಂಟರ ಮದುವೆಯಿತ್ತು. ಬೇಗ ಹೋಗಿ ಚಪ್ಪರಕ್ಕೆ ಸಹಾಯ ಮಾಡಬೇಕೆಂದು ಆ ದಿನವೇ ಹೊರಟರು. ತೋಟೆಗಳ ಪೆಟ್ಟಿಗೆಯ ಬೀಗದ ಕೈ ಅವರ ಉಡಿದಾರದಲ್ಲಿತ್ತು.

ಅವರ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಅತ್ತೆ ಅಂಗಳದಲ್ಲಿ ನಿಂತಿದ್ದರು. ಆಮೇಲೆ ಒಳಗೆ ಬಂದು, "ಸುಮತಿ, ಆ ಕೋಟು ತೆಗೆ," ಎಂದರು.

ಗದ್ದೆಯ ನಡುವೆ ಎರಡು ಕೋಲು ಅಡ್ಡ ಕಟ್ಟಿ, ಒಳಗೆ ಬೈಹುಲ್ಲು ತುಂಬಿ ಅತ್ತೆ ಬೆರ್ಚಪ್ಪನನ್ನು ನಿಲ್ಲಿಸಿದರು. ಅದಕ್ಕೆ ಖಾಕಿ ಕೋಟು ತೊಡಿಸಿದರು. ತಲೆಗೆ ಮಡಕೆ, ಮಡಕೆಗೆ ಮುಂಡಾಸು. ಮಸಿಯಲ್ಲಿ ಒಂದು ಗಿರಿಜಾ ಮೀಸೆಯನ್ನೂ ಬರೆದರು. ಆ ಮೀಸೆ ಬರೆಯುವಾಗ ಅವರ ಮುಖದಲ್ಲಿ ಬಹಳ ವರ್ಷಗಳ ತೃಪ್ತಿ ಇತ್ತು. ಕೊನೆಗೆ ಕೋವಿಯನ್ನು ತಂದು, ನಳಿಗೆ ಖಾಲಿ ಉಂಟೆಂದು ನನ್ನಿಂದಲೂ ನೋಡಿಸಿ, ಬೆರ್ಚಪ್ಪನ ಕೈಗೆ ಬಾಳೆಹಗ್ಗದಲ್ಲಿ ಬಿಗಿದು ಕಟ್ಟಿದರು.

"ಅತ್ತೆ, ಮಾವ ಬಂದರೆ?"

"ಬರಲಿ. ಅವರು ನಿಲ್ಲಬೇಕಾದ ಜಾಗದಲ್ಲಿ ಅವರ ಹಾಗೆ ಇರುವವ ನಿಂತಿದ್ದಾನೆ, ಅಷ್ಟೇ."

ಮರುದಿನ ಬೆಳಿಗ್ಗೆ ಗದ್ದೆಯಲ್ಲಿ ಹಂದಿಯ ಹೆಜ್ಜೆ ಇರಲಿಲ್ಲ. ಅದರ ಮರುದಿನವೂ ಇಲ್ಲ. ಕೋಟಿಗೆ ಹಿಡಿದಿದ್ದ ಮನುಷ್ಯ ವಾಸನೆಗೋ ಕೋವಿಯ ಎಣ್ಣೆ ವಾಸನೆಗೋ ಅವು ಹೆದರಿರಬೇಕು. ಅತ್ತೆ ಅದನ್ನು ಹಾಗೆಯೇ ಬಿಟ್ಟರು.

ಅಷ್ಟರಲ್ಲಿ ಚುನಾವಣೆ ಘೋಷಣೆಯಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಠಾಣೆಯ ಕಾನ್‌ಸ್ಟೇಬಲ್ ಒಬ್ಬರು ಸೈಕಲ್ಲಿನಲ್ಲಿ ಬಂದರು. ಈ ಕಡೆಗೆ ಹೊಸದಾಗಿ ವರ್ಗವಾಗಿ ಬಂದವರು. ಕೋವಿ ಇದ್ದವರ ಮನೆಗೆಲ್ಲ ಹೋಗಿ ಹೇಳಿ ಬರುವ ಕೆಲಸ ಅವರದ್ದು. ನಾನು ಅಂಗಳ ಗುಡಿಸುತ್ತಿದ್ದೆ. ಅತ್ತೆ ಹಟ್ಟಿಯಲ್ಲಿದ್ದರು. ನಾನು ಬಾಯಿ ತೆರೆಯುವ ಮೊದಲೇ ಪೊಲೀಸರ ಕಣ್ಣು ಕೆಳಗಿನ ಗದ್ದೆಗೆ ಹೋಯಿತು. ಮಂಜಿನ್ನೂ ಸರಿಯಾಗಿ ಬಿಟ್ಟಿರಲಿಲ್ಲ.

"ಓ, ಅಲ್ಲೇ ಇದ್ದಾರಲ್ಲ," ಎಂದು ಸೈಕಲ್ ನಿಲ್ಲಿಸಿ ಇಳಿದೇ ಬಿಟ್ಟರು.

ಅಂಚಿನ ಮೇಲೆ ನಿಂತು ಕೈಯೆತ್ತಿ ನಮಸ್ಕಾರ ಮಾಡಿದರು. "ದೇಜಪ್ಪಣ್ಣ, ಠಾಣೆಯಿಂದ ಬಂದದ್ದು. ಚುನಾವಣೆ ಉಂಟಲ್ಲ, ಕೋವಿ ಒಪ್ಪಿಸಬೇಕು," ಎಂದರು. ಉತ್ತರ ಬರಲಿಲ್ಲ. "ನಿಮಗೆ ಕ್ರಮವೆಲ್ಲ ಗೊತ್ತುಂಟು ಅಂತ ಠಾಣೆಯಲ್ಲಿ ಹೇಳಿದರು," ಎಂದು ಸ್ವಲ್ಪ ಗಟ್ಟಿಯಾಗಿ ಹೇಳಿದರು. ಅದಕ್ಕೂ ಇಲ್ಲ. "ಹಿರಿಯರು ಅಂತ ಮರ್ಯಾದೆ ಕೊಟ್ಟು ಮಾತಾಡುತ್ತಾ ಇದ್ದೇನೆ. ನೀವು ಹೀಗೆ ಮೋರೆ ಬಿಗಿದುಕೊಂಡರೆ ಹೇಗೆ ಮಾರಾಯ್ರೇ?"

ಹೇಳಬೇಕು ಎಂದು ನಾನು ಓಡಿದೆ. ನಗುವಿಗೆ ಧ್ವನಿಯೇ ಹೊರಡಲಿಲ್ಲ. ಹಟ್ಟಿಯಿಂದ ಬಂದ ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅದೇ ಹೊತ್ತಿಗೆ ರಸ್ತೆಯಲ್ಲಿ ಉಡುಪಿಯ ಬಸ್ಸು ನಿಂತಿತು. ಮಾವನವರು ಇಳಿದು, ಮದುವೆಯ ಲಾಡಿನ ಪೊಟ್ಟಣ ಹಿಡಿದು ಬರುತ್ತಾ, ತಮ್ಮ ಗದ್ದೆಯಲ್ಲಿ ತಾವೇ ನಿಂತಿರುವುದನ್ನೂ ಪೊಲೀಸರು ತಮ್ಮನ್ನು ಗದರಿಸುತ್ತಿರುವುದನ್ನೂ ಕಂಡರು.

ಕಾನ್‌ಸ್ಟೇಬಲ್ ಒಮ್ಮೆ ಮೀಸೆಯ ಮನುಷ್ಯನನ್ನು, ಒಮ್ಮೆ ಮೀಸೆಯ ಮಡಕೆಯನ್ನು ನೋಡಿದರು.

"ಕೋವಿಯನ್ನು ಹೀಗೆ ಬಿಡಬಹುದಾ ಅಕ್ಕ? ಯಾರಾದರೂ ಕೊಂಡುಹೋದರೆ ಕೇಸಾಗುತ್ತದೆ," ಎಂದರು ಅತ್ತೆಯ ಹತ್ತಿರ.

"ಪರವಾನಗಿ ಕೊಟ್ಟದ್ದು ಬೆಳೆ ರಕ್ಷಣೆಗೆ ಅಲ್ವಾ? ರಕ್ಷಣೆ ಮಾಡುತ್ತಾ ಉಂಟು," ಎಂದರು ಅತ್ತೆ.

ಮಾವನವರು ಬಾಳೆಹಗ್ಗ ಬಿಚ್ಚಿ ಕೋವಿಯನ್ನು ಇಳಿಸಿಕೊಂಡರು. ಮಂಜು ಕುಡಿದ ನಳಿಗೆಯ ಮೇಲೆ ಕೆಂಪು ಚುಕ್ಕಿಗಳು ಎದ್ದಿದ್ದವು. ಹೆಗಲ ಶಾಲಿನಲ್ಲಿ ಒರೆಸಿದರೂ ಅವು ಹೋಗಲಿಲ್ಲ.

"ತುಕ್ಕು ಹಿಡಿದಿದೆ," ಎಂದರು, ಯಾರಿಗೆಂದಿಲ್ಲದೆ.

"ಹಿಡಿಯದೆ ಎಂತ? ಅದು ಗದ್ದೆಗೆ ಇಳಿದದ್ದು ಇದೇ ಮೊದಲು," ಎಂದರು ಅತ್ತೆ.

ಕಾನ್‌ಸ್ಟೇಬಲರು ಆ ಮೇಲೆ ಕೇಸಿನ ಮಾತು ಎತ್ತಲಿಲ್ಲ. ಬೆರ್ಚಪ್ಪನಿಗೆ ನಮಸ್ಕಾರ ಮಾಡಿದ ಸಂಗತಿಯನ್ನೂ ಅದರ ಜೊತೆಗೆ ಬರೆಯಬೇಕಾದೀತೆಂಬ ಯೋಚನೆ ಬಂದಿರಬೇಕು. "ನಾಳೆ ತಂದು ಒಪ್ಪಿಸಿ. ಇಲ್ಲಿ ನಡೆದದ್ದು ಇಲ್ಲಿಗೇ ಇರಲಿ," ಎಂದು ಹೇಳಿ, ಅತ್ತೆ ಕೊಟ್ಟ ಬೆಲ್ಲ ನೀರನ್ನೂ ಕುಡಿಯದೆ ಸೈಕಲ್ ಹತ್ತಿದರು.

ಮಾವನವರು ಮರುದಿನ ಕೋವಿ ಒಪ್ಪಿಸಿ ಬಂದರು. ಚುನಾವಣೆ ಮುಗಿಯಿತು. ಗೆದ್ದವರು ಗೆದ್ದರು. ಊರಿನ ಉಳಿದ ಕೋವಿಗಳೆಲ್ಲ ಮನೆಗೆ ಬಂದವು, ನಮ್ಮದು ಬರಲಿಲ್ಲ. ಮಾವನವರು ತರಲು ಹೋಗಲಿಲ್ಲ. ಅತ್ತೆಯ ಹತ್ತಿರ ಮಾತೂ ಇಲ್ಲ. ಬಿಸಿನೀರು ಬೇಕಾದರೆ, "ಸುಮತಿ, ನೀರು ಕಾದಿದೆಯಾ ಅಂತ ಕೇಳು," ಎನ್ನುವುದು. ಅತ್ತೆ ಅಲ್ಲೇ ಪಕ್ಕದಲ್ಲಿದ್ದು, "ಕಾದಿದೆ ಅಂತ ಹೇಳು," ಎನ್ನುವುದು. ಮಕ್ಕಳಿಗೆ ಪಾಠ ಹೇಳಿ ಬಂದು ಮನೆಯಲ್ಲಿ ಹಿರಿಯರ ಮಾತನ್ನು ಅತ್ತಿಂದಿತ್ತ ಸಾಗಿಸುವ ಕೆಲಸವೂ ನನ್ನ ಪಾಲಿಗೆ ಬಂತು.

ಗೆಣಸು ಕೀಳುವ ಕಾಲಕ್ಕೆ ಇದ್ದಿನಬ್ಬ ಬ್ಯಾರಿ ಬಂದರು. ಅಂತಹ ಬೆಳೆಯನ್ನು ನಮ್ಮ ಗದ್ದೆ ಅದುವರೆಗೆ ಕಂಡಿರಲಿಲ್ಲ. ಗೋಣಿಗೆ ತುಂಬಿಸಿ ಮುಗಿದ ಮೇಲೆ ಬ್ಯಾರಿಗಳು ಅಭ್ಯಾಸಬಲದಿಂದ ಚಾವಡಿಯಲ್ಲಿ ಕೂತು, "ಹೇಳಿ ದೇಜಪ್ಪಣ್ಣ, ಆ ಚಿರತೆ ಬಂದದ್ದು ಯಾವ ಕಡೆಯಿಂದ?" ಎಂದು ಕೇಳಿದರು. ಅವರಿಗೆ ಕತೆ ಬಾಯಿಪಾಠವಿತ್ತು. ಕೇಳುವುದು ಒಂದು ಮರ್ಯಾದೆ. ಮಾವನವರ ಕೈ ತನ್ನಷ್ಟಕ್ಕೆ ಗೂಟದ ಕಡೆ ಹೋಯಿತು. ಬರಿಗೋಡೆಯನ್ನು ನೋಡಿ ಇಳಿಯಿತು.

"ಯಾವ ಚಿರತೆ ಬ್ಯಾರಿಗಳೇ. ಅದೆಲ್ಲ ಹಳೆಯ ಮಾತು," ಎಂದರು.

ಒಳಗಿದ್ದ ಅತ್ತೆಯ ಕೈಯಲ್ಲಿ ಚಹಾದ ಲೋಟವಿತ್ತು. ಅದನ್ನು ಅಲ್ಲೇ ಇಟ್ಟು, ಒಲೆಯ ಎದುರು ಕೂತುಬಿಟ್ಟರು. ಬ್ಯಾರಿಗಳು ಹೋದ ಮೇಲೆ ಚಾವಡಿಗೆ ಬಂದು, ನನ್ನ ಮೂಲಕ ಅಲ್ಲ, ನೇರವಾಗಿಯೇ ಹೇಳಿದರು: "ನಾಳೆ ಹೋಗಿ ಕೋವಿ ತರುವ. ನಾನೂ ಬರುತ್ತೇನೆ."

"ನೀನು ಯಾಕೆ?"

"ಬೆರ್ಚಪ್ಪನಿಗೆ ಮೀಸೆ ಬರೆದವಳು ನಾನಲ್ವಾ? ಬಿಡಿಸಿಕೊಂಡು ಬರಲು ನಾನೂ ಇರಬೇಕು."

ಮರುದಿನ ಅತ್ತೆ ಪೆಟ್ಟಿಗೆಯಿಂದ ಕೆಂಪಂಚಿನ ಸೀರೆ ತೆಗೆದು ಉಟ್ಟರು. ಸಾವಿನ ಮನೆಯ ಬೊಜ್ಜಕ್ಕೆ, ಮದುವೆಗೆ ಬಿಟ್ಟರೆ ಅವರಿಬ್ಬರೇ ಜೊತೆಯಾಗಿ ಹೊರಟದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ. ಮಾವನವರು ಅಂಗಳ ದಾಟುವಾಗ ನಾಲ್ಕು ಮಾರು ಮುಂದಿದ್ದರು. ರಸ್ತೆ ತಲುಪುವಾಗ ನಿಂತು ಕಾದರು.

ಸಂಜೆ ಬಂದಾಗ ಇಬ್ಬರ ಮುಖವೂ ಬೇರೆಯೇ ಆಗಿತ್ತು. ಠಾಣೆಯ ಕೆಲಸ ಬೇಗ ಮುಗಿಯಿತಂತೆ. ಕಾರ್ಕಳದಲ್ಲಿ ಹೋಟೆಲಿಗೆ ಹೋದರಂತೆ. ಅತ್ತೆಗೆ ಮಸಾಲೆದೋಸೆ ಬಂದಾಗ ಅದನ್ನು ಯಾವ ಕಡೆಯಿಂದ ಮುರಿಯುವುದೆಂದು ತಿಳಿಯದೆ ಸುತ್ತಮುತ್ತ ನೋಡಿದರಂತೆ. "ನಾನೂ ಆ ದಿನ ಕೋವಿಯನ್ನು ಹಾಗೆಯೇ ಹಿಡಿದದ್ದು, ಯಾವ ಕಡೆ ಅಂತ ಗೊತ್ತಿಲ್ಲದೆ," ಎಂದು ಮಾವನವರೇ ಹೇಳಿದರಂತೆ. ಚಿನ್ನದ ಹಲ್ಲಿನ ಆ ಕತೆಯನ್ನು ಅವರ ಬಾಯಿಂದಲೇ ಪೂರ್ತಿ ಕೇಳಿ ಅತ್ತೆ ಬಸ್ಸಿನಲ್ಲಿ ದಾರಿಯುದ್ದ ನಕ್ಕರಂತೆ. ಮನೆಗೆ ಬಂದು ನನಗೆ ಹೇಳುವಾಗಲೂ ನಗುತ್ತಿದ್ದರು.

"ಕೋವಿ ಎಲ್ಲಿ ಮಾವ?" ಎಂದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬಸ್ಸಿನ ಮೇಲಿನ ಕಂಬಿಯಲ್ಲಿಟ್ಟಿದ್ದ ಕೋವಿ ಅದಾಗಲೇ ಪಡುಬಿದ್ರಿಯ ದಾರಿ ಹಿಡಿದಿತ್ತು. ಅದು ದಿನದ ಕೊನೆಯ ಬಸ್ಸು. ಹೋಗಿ ವಿಚಾರಿಸಲು ಬೇರೆ ದಾರಿಯಿರಲಿಲ್ಲ. ಫೋನು ಊರಿಗೇ ಅಪರೂಪ. ಆ ರಾತ್ರಿ ನಮ್ಮ ಮನೆಯಲ್ಲಿ ಅನ್ನ ಹಾಗೆಯೇ ಉಳಿಯಿತು.

ಬೆಳಿಗ್ಗೆ ಮೊದಲ ಬಸ್ಸು ಪಡುಬಿದ್ರಿಯಿಂದ ಬರುವ ಹೊತ್ತಿಗೆ ನಾವು ಮೂವರೂ ರಸ್ತೆಯಲ್ಲಿದ್ದೆವು. ಬಸ್ಸು ನಿಂತಿತು. ಕಂಡಕ್ಟರ್ ಬಾಗಿಲಲ್ಲೇ ಕೋವಿ ಹಿಡಿದು ನಿಂತಿದ್ದ.

"ಎಂತ ದೇಜಪ್ಪಣ್ಣ, ಇಷ್ಟು ದೊಡ್ಡ ಸಾಮಾನು ಮರೆಯುವುದಾ? ಮನೆಗೆ ಕೊಂಡುಹೋಗಿ ಮಂಚದಡಿಯಲ್ಲಿಟ್ಟು ಕಾದಿದ್ದೇನೆ," ಎಂದು ಕೊಟ್ಟ.

ಮಾವನವರು ಅದನ್ನು ತೆಗೆದುಕೊಂಡರು. ಹೊಸದಾಗಿ ಎಲ್ಲಾದರೂ ತರಚಿದೆಯೇ ಎಂದು ತಿರುಗಿಸಿಯೂ ನೋಡದೆ ನನ್ನ ಕೈಗೆ ಕೊಟ್ಟು, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು.

"ಅದರ ಜೊತೆ ಬಾಳೆಎಲೆಯ ಒಂದು ಕಟ್ಟಿತ್ತಲ್ಲ?"

"ಮಲ್ಲಿಗೆಯಾ? ಬಾಡುತ್ತದೆ ಅಂತ ನನ್ನ ಹೆಂಡತಿ ಮುಡಿದಳು ಅಣ್ಣ," ಎಂದ ಅವನು.

ಅತ್ತೆ ಸರಕ್ಕನೆ ಮುಖ ತಿರುಗಿಸಿ ರಸ್ತೆಯಾಚೆಯ ಅಂಗಡಿಯನ್ನು ನೋಡತೊಡಗಿದರು. ಮಲ್ಲಿಗೆಯ ಸುದ್ದಿಯನ್ನು ಅವರು ನಿನ್ನೆ ನನಗೆ ಹೇಳಿರಲಿಲ್ಲ. ಮಾವನವರು ಕಂಡಕ್ಟರನನ್ನು ನೋಡಿದ ಆ ನೋಟವನ್ನು ನಾನು ಮರೆಯಲಾರೆ. ಅಷ್ಟು ವರ್ಷ ಹಂದಿಯ ಮೇಲೂ ಚಿರತೆಯ ಮೇಲೂ ಬಾರದ ಕೋಪ ಅವರಿಗೆ ಬಂದದ್ದು ಆಗ.